ಗ್ರಾಮೀಣ ಶಾಲಾಮಕ್ಕಳ ಕಿವಿ ಆರೋಗ್ಯ
ಹಳ್ಳಿಯ ಶಾಲೆಗಳಲ್ಲಿ ಮಕ್ಕಳ ಶ್ರವಣದೋಷವನ್ನು ಬೇಗ ಗುರುತಿಸಿ, ಚಿಕಿತ್ಸೆಗೆ ಕಳಿಸುವ ಸಾರ್ವಜನಿಕ ಆರೋಗ್ಯ ಚಟುವಟಿಕೆ. ಭಾರತದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಲ್ಲಿ ಈ ತಪಾಸಣೆಯನ್ನೂ ಮಾಡುತ್ತವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಶಿಬಿರ ನಡೆಸುತ್ತದೆ.

ಕಿವಿಯಲ್ಲಿ ಗುಗ್ಗೆ ಕಟ್ಟುವುದು ಸಾಮಾನ್ಯ, ತೆಗೆಸಿದರೆ ಸಾಕು. ಹೆಚ್ಚು ತೊಂದರೆ ಕೊಡುವುದು ಕಿವಿ ಸೋರುವಿಕೆ. ಗಂಟಲಿನಿಂದ ನಡುಗಿವಿಗೆ ಹೋಗುವ ನಾಳ ಮಕ್ಕಳಲ್ಲಿ ಗಿಡ್ಡ, ಹೆಚ್ಚು ಅಡ್ಡ. ಹಾಗಾಗಿ ನೆಗಡಿಯ ಸೋಂಕು ಸುಲಭವಾಗಿ ಅತ್ತ ಹರಡುತ್ತದೆ. ಕೀವು ತುಂಬಿ ಕಿವಿತಮಟೆ ತೂತಾಗಬಹುದು. ಅಂಥ ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಹಾಕುವುದು, ಕೆರೆಯಲ್ಲಿ ಮುಳುಗಿ ಈಜುವುದು ಎರಡೂ ಅಪಾಯ. ಒಣಹತ್ತಿಯಿಂದ ಹೊರಗಿನ ಕೀವು ಒರೆಸಿ ವೈದ್ಯರಿಗೆ ತೋರಿಸಬೇಕು.

ಶ್ರವಣ ಪರೀಕ್ಷಿಸುವ ಯಂತ್ರಕ್ಕಿಂತ ಮೊದಲು ದೋಷ ಕಾಣಬಲ್ಲವರು ಶಿಕ್ಷಕರೇ. ದಡ್ಡನೆಂದು ಹಿಂದಿನ ಬೆಂಚಿಗೆ ಸರಿದ ಮಗುವಿಗೆ ಪಾಠವೇ ಕೇಳಿಸದಿರಬಹುದು; ಉಕ್ತಲೇಖನದ ತಪ್ಪುಗಳು ಅದರ ಸುಳಿವು ಕೊಡುತ್ತವೆ.