ಈಜುಕೊಳ ನಿಯಂತ್ರಕ

ಮನೆಯ ಈಜುಕೊಳದ ಪಂಪು, ಫಿಲ್ಟರು, ಕ್ಲೋರಿನ್ ಪೂರೈಕೆ ಮತ್ತು ದೀಪಗಳನ್ನು ತಾನಾಗಿಯೇ ನಡೆಸುವ ವಿದ್ಯುತ್ ಸಾಧನ. ಪಂಪನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಟೈಮರು ಇದರ ಸರಳ ರೂಪ. ಮುಂದುವರಿದ ಮಾದರಿಗಳು ನೀರಿನ ಪಿಎಚ್ ಮತ್ತು ಓಆರ್‌ಪಿಯನ್ನು (ಸೋಂಕುನಾಶಕ ಶಕ್ತಿಯ ಸೂಚಕ) ಅಳೆದು ಆಮ್ಲ, ಕ್ಲೋರಿನ್ ಬಿಡುತ್ತವೆ, ಪಿಎಚ್ 7.2ರಿಂದ 7.8ರೊಳಗೆ ಇರಬೇಕು. ಕ್ಲೋರಿನ್ ಬಿಸಿಲಿಗೆ ಅಳಿಯದಂತೆ ಬೆರೆಸುವ ಸಯನ್ಯೂರಿಕ್ ಆಮ್ಲ ಹೆಚ್ಚಾದ ನೀರಿನಲ್ಲಿ ಓಆರ್‌ಪಿ ಅಳತೆಯನ್ನೇ ನೆಚ್ಚುವಂತಿಲ್ಲ.

ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ನಿಯಂತ್ರಕದ ಆಯ್ಕೆಯನ್ನು ನಿರ್ಧರಿಸುವುದು ಮುಖ್ಯವಾಗಿ ನೀರು. ಗಟ್ಟಿಬಂಡೆಯ ಈ ನೆಲದಲ್ಲಿ ಬೋರ್‌ವೆಲ್ ನೀರು ಬಹಳ ಕಡೆ ಗಡುಸು. ಇದರಿಂದಾಗಿ, ಉಪ್ಪುನೀರಿನಿಂದ ಕ್ಲೋರಿನ್ ತಯಾರಿಸುವ ಘಟಕದ ತಗಡುಗಳ ಮೇಲೆ ಸುಣ್ಣದ ಬಿಳಿ ಪದರ ಕಟ್ಟಿ ಉತ್ಪಾದನೆ ಕುಗ್ಗುತ್ತದೆ. ಆದ್ದರಿಂದ ವಿದ್ಯುತ್ ಧ್ರುವಗಳನ್ನು ಆಗಾಗ ಅದಲುಬದಲು ಮಾಡಿ ಪದರ ಉದುರಿಸುವ ಮಾದರಿಯೇ ಲೇಸು. ಆಗಲೂ ಕೈಯಿಂದ ತೊಳೆಯುವುದು ಪೂರ್ತಿ ತಪ್ಪದು. ಧರ್ಮಪುರಿಯ ಅಂತರ್ಜಲದ ಫ್ಲೋರೈಡನ್ನು ಇಂಥ ನಿಯಂತ್ರಕಗಳು ಅಳೆಯುವುದಿಲ್ಲ, ಕ್ಲೋರಿನ್ ಅದನ್ನು ತೆಗೆಯುವುದೂ ಇಲ್ಲ.

ಶೀತದೇಶಗಳ ಮಾದರಿಗಳಲ್ಲಿರುವ ಹಿಮರಕ್ಷಣೆ ಇಲ್ಲಿ ದಂಡದ ಖರ್ಚು. ಸೇಲಂ ಜಿಲ್ಲೆಯ ಸುಮಾರು 1,500 ಮೀಟರ್ ಎತ್ತರದ ಏರ್ಕಾಡಿನಲ್ಲಿ ಮಾತ್ರ ಹೀಟರ್ ನಿಯಂತ್ರಣಕ್ಕೆ ಅರ್ಥವಿದೆ. ಕರೆಂಟು ಹೋಗಿಬಂದರೂ ಗಡಿಯಾರ ಮತ್ತು ವೇಳಾಪಟ್ಟಿ ಅಳಿಯದಂತಿರಬೇಕು. 50 ಘನ ಮೀಟರಿನ ಕೊಳದ ನೀರು 8 ಗಂಟೆಯಲ್ಲಿ ಒಮ್ಮೆ ಸುತ್ತಲು ಪಂಪು ಗಂಟೆಗೆ 6.25 ಘನ ಮೀಟರ್ ಹರಿಸಬೇಕು. 30 ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ ಕಡಿತಗೊಳಿಸುವ ಆರ್‌ಸಿಸಿಬಿ ಸ್ವಿಚ್ಚು ಇಲ್ಲದೆ ಯಾವ ನಿಯಂತ್ರಕವನ್ನೂ ಜೋಡಿಸತಕ್ಕದ್ದಲ್ಲ.