ಲ್ಯಾಪ್‌ಟಾಪ್ ಸಂಸ್ಕಾರಕ, ಸರ್ವರ್ ಸಂಸ್ಕಾರಕ: ಬೆಂಗಳೂರಿನ ಒಂದು ಪ್ರಸಂಗ

ಗಣಕಯಂತ್ರ ಕೊಳ್ಳುವಾಗ ನಮ್ಮ ಕಾಲೇಜುಗಳಲ್ಲಿ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಗಿಗಾಹರ್ಟ್ಜ್?’ ಎಂಬುದು. ಸರ್ವರ್ ದುಬಾರಿ, ಗಾತ್ರವೂ ದೊಡ್ಡದು. ಆದ್ದರಿಂದ ಅದರ ಸಂಸ್ಕಾರಕ ಲ್ಯಾಪ್‌ಟಾಪಿನದಕ್ಕಿಂತ ವೇಗವಾಗಿಯೇ ಇರಬೇಕೆಂಬುದು ಜೊತೆಗಿರುವ ನಂಬಿಕೆ. ಇದು ಎಷ್ಟರಮಟ್ಟಿಗೆ ನಿಜ? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಸಂಸ್ಥೆ ಬಿಡುಗಡೆ ಮಾಡಿದ ಜಿಯಾನ್ 7400 ಎಂಬ ಸರ್ವರ್ ಸಂಸ್ಕಾರಕ ಬೆಂಗಳೂರಿನಲ್ಲಿ ವಿನ್ಯಾಸಗೊಂಡದ್ದು. ಅದರ ಒಳಗಿದ್ದುದು ಅದೇ ವರ್ಷದ ಜನವರಿಯಲ್ಲಿ ಲ್ಯಾಪ್‌ಟಾಪುಗಳಿಗೆ ಬಂದಿದ್ದ ‘ಪೆನ್ರಿನ್’ ಪೀಳಿಗೆಯ ಕೋರ್. ಒಂದೇ ಕೋರ್, ಎರಡು ಬಗೆಯ ಸಂಸ್ಕಾರಕ. ಹೋಲಿಕೆಗೆ ಇಷ್ಟು ಅನುಕೂಲವಾದ ಜೋಡಿ ಅಪರೂಪ.

ಲ್ಯಾಪ್‌ಟಾಪಿನ ಕೋರ್ ಸರ್ವರಿಗೆ ಬಂದುದೇಕೆ ಎಂಬುದನ್ನು ಮೊದಲು ನೋಡೋಣ. 2000ದಲ್ಲಿ ಬಂದ ಪೆಂಟಿಯಂ 4 ಸಂಸ್ಕಾರಕದ ಗುರಿ ಗಡಿಯಾರದ ವೇಗವನ್ನು ಏರಿಸುತ್ತ ಹೋಗುವುದಾಗಿತ್ತು. 2004ರ ಹೊತ್ತಿಗೆ ಅದು 3.8 ಗಿಗಾಹರ್ಟ್ಜ್ ಮುಟ್ಟಿ, ಅಲ್ಲಿಯೇ ನಿಂತಿತು. ಕಾರಣ ಶುದ್ಧ ಭೌತವಿಜ್ಞಾನ. ಟ್ರಾನ್ಸಿಸ್ಟರುಗಳು ಬಳಸುವ ಶಕ್ತಿ ಆವರ್ತಾಂಕಕ್ಕೆ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆ. ಆವರ್ತಾಂಕ ಏರಿಸಲು ವೋಲ್ಟೇಜನ್ನೂ ಏರಿಸಬೇಕಾಗುವುದರಿಂದ ಉಷ್ಣ ಬಹು ಬೇಗ ಮಿತಿಮೀರುತ್ತದೆ. ಪೆಂಟಿಯಂ 4ರ ನಂತರದ ‘ತೇಜಸ್’ ಯೋಜನೆಯನ್ನು ಇಂಟೆಲ್ 2004ರ ಮೇ ತಿಂಗಳಲ್ಲಿ ಕೈಬಿಟ್ಟಿತು. ಇತ್ತ ಇಸ್ರೇಲಿನ ಹೈಫಾ ಕೇಂದ್ರದ ತಂಡ ಬ್ಯಾಟರಿ ಉಳಿಸುವುದಕ್ಕೆಂದೇ ರೂಪಿಸಿದ ಪೆಂಟಿಯಂ ಎಂ 2003ರ ಮಾರ್ಚಿನಲ್ಲಿಯೇ ಬಂದಿತ್ತು. ಕೇವಲ 1.6 ಗಿಗಾಹರ್ಟ್ಜ್ ವೇಗದಲ್ಲಿ, 25 ವಾಟ್ ಒಳಗೆ ಕೆಲಸಮಾಡುತ್ತಿದ್ದ ಈ ಚಿಪ್, ಗಡಿಯಾರದ ವೇಗ ತನಗಿಂತ ಬಹಳ ಹೆಚ್ಚಿದ್ದ ಪೆಂಟಿಯಂ 4ಗಳಿಗೆ ಸರಿಸಾಟಿಯಾಗಿ ನಿಂತಿತು. ಗಿಗಾಹರ್ಟ್ಜ್ ಲೆಕ್ಕದ ಮೇಲಿನ ನಂಬಿಕೆ ಅಂದೇ ಸಡಿಲಗೊಳ್ಳಬೇಕಿತ್ತು.

ಈ ಮಿತವ್ಯಯದ ಕೋರ್‌ಗಳನ್ನು ನಾಲ್ಕು ಸೇರಿಸಿ ಸರ್ವರ್ ಸಂಸ್ಕಾರಕ ಮಾಡುವ ಯೋಜನೆ ಬೆಂಗಳೂರಿಗೆ ಬಂತು. ಅದರ ಹೆಸರೇ ‘ವೈಟ್‌ಫೀಲ್ಡ್’, ನಮ್ಮ ಬೆಂಗಳೂರಿನ ಬಡಾವಣೆಯ ಹೆಸರು. ಆದರೆ 2005ರ ಅಕ್ಟೋಬರಿನಲ್ಲಿ ಅದನ್ನು ರದ್ದುಮಾಡಲಾಯಿತು. ಅದರ ಜಾಗಕ್ಕೆ ‘ಟೈಗರ್‌ಟನ್’ ಎಂಬ ಬೇರೆ ಚಿಪ್ 2007ರಲ್ಲಿ ಬಂತು. ಭಾರತದಲ್ಲಿ ಉನ್ನತ ದರ್ಜೆಯ ಸಂಸ್ಕಾರಕವನ್ನು ಪೂರ್ತಿಯಾಗಿ ವಿನ್ಯಾಸ ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಉಳಿಯಿತು. ಮೂರು ವರ್ಷಗಳ ನಂತರ ಬಂದ ಜಿಯಾನ್ 7400 ಆ ಉತ್ತರ. ಇಂಟೆಲಿನ ಮೊದಲ ಆರು ಕೋರ್ ಸಂಸ್ಕಾರಕವಿದು. ಒಳಹೆಸರು ‘ಡನಿಂಗ್‌ಟನ್’, ಟ್ರಾನ್ಸಿಸ್ಟರುಗಳ ಸಂಖ್ಯೆ 190 ಕೋಟಿ.

ಈಗ ಲೆಕ್ಕಕ್ಕೆ ಬರೋಣ. ಲ್ಯಾಪ್‌ಟಾಪಿನ ಕೋರ್ 2 ಡ್ಯುಯೊ ಟಿ9500: ಎರಡು ಕೋರ್, 2.6 ಗಿಗಾಹರ್ಟ್ಜ್, 35 ವಾಟ್. ಸರ್ವರಿನ ಜಿಯಾನ್ ಎಕ್ಸ್7460: ಆರು ಕೋರ್, 2.66 ಗಿಗಾಹರ್ಟ್ಜ್, 130 ವಾಟ್. ಪ್ರತಿ ಕೋರ್ ಗಡಿಯಾರದ ಒಂದು ಮಿಡಿತಕ್ಕೆ ದಶಮಾಂಶ ಸಂಖ್ಯೆಗಳ ನಾಲ್ಕು ಗಣನೆ ಮಾಡಬಲ್ಲದು. ಹಾಗಾಗಿ ಗರಿಷ್ಠ ಸಾಮರ್ಥ್ಯ ಸೆಕೆಂಡಿಗೆ ಲ್ಯಾಪ್‌ಟಾಪಿನಲ್ಲಿ ಸುಮಾರು 2,080 ಕೋಟಿ, ಸರ್ವರಿನಲ್ಲಿ ಸುಮಾರು 6,380 ಕೋಟಿ ಗಣನೆಗಳು. ಮೂರು ಪಟ್ಟು ಸರಿ. ಆದರೆ ಪ್ರತಿ ವಾಟ್‌ಗೆ ಲೆಕ್ಕ ಹಾಕಿದರೆ ಲ್ಯಾಪ್‌ಟಾಪ್ 59 ಕೋಟಿ, ಸರ್ವರ್ 49 ಕೋಟಿ! ಒಂದೇ ಕೋರ್ ಬಳಸುವ ಪ್ರೋಗ್ರಾಮಾದರೆ, ಗಣನೆಯ ಮಟ್ಟಿಗೆ ಎರಡರ ವೇಗವೂ ಹೆಚ್ಚುಕಡಿಮೆ ಒಂದೇ.

ಇನ್ನು ಮೆಮೊರಿಯ ಮಾತು. ಆ ಕಾಲದ ವಿನ್ಯಾಸದಲ್ಲಿ ಸಂಸ್ಕಾರಕಕ್ಕೂ ಮೆಮೊರಿಗೂ ನಡುವೆ ಇದ್ದುದು ಒಂದೇ ದಾರಿ. ಅದರಲ್ಲಿ ಸೆಕೆಂಡಿಗೆ ಲ್ಯಾಪ್‌ಟಾಪಿಗೆ 6.4 ಗಿಗಾಬೈಟ್, ಸರ್ವರ್ ಸಂಸ್ಕಾರಕಕ್ಕೆ 8.5 ಗಿಗಾಬೈಟ್ ದತ್ತಾಂಶ ಹರಿಯಬಹುದಿತ್ತು. ತಲಾ ಕೋರಿಗೆ ಹಂಚಿದರೆ ಲ್ಯಾಪ್‌ಟಾಪಿನಲ್ಲಿ 3.2, ಸರ್ವರಿನಲ್ಲಿ ಬರೀ 1.4. ನಮ್ಮ ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಳದ ನೀರು ಕೆಲವು ದಿನಕ್ಕೊಮ್ಮೆ ಬರುವ ಊರಲ್ಲಿ ಕೆಲಗೇರಿಯ ಮನೆಯವರು ಏನು ಮಾಡುತ್ತಾರೆ? ಮನೆಯಲ್ಲಿಯೇ ದೊಡ್ಡ ಟಾಕಿ ಕಟ್ಟಿಸುತ್ತಾರೆ. ಬೆಂಗಳೂರಿನ ವಿನ್ಯಾಸಕಾರರು ಮಾಡಿದ್ದೂ ಅದನ್ನೇ. ಆರೂ ಕೋರ್‌ಗಳಿಗೆ ಸಾಮಾನ್ಯವಾದ 16 ಮೆಗಾಬೈಟ್ ಸಂಗ್ರಹವನ್ನು, ಅಂದರೆ ಕ್ಯಾಶೆಯನ್ನು, ಚಿಪ್ಪಿನ ಮೇಲೆಯೇ ಇಟ್ಟರು. ಬೇಕಾದ ದತ್ತಾಂಶ ಅಲ್ಲಿ ಸಿಕ್ಕರೆ ದಾರಿಯ ಇಕ್ಕಟ್ಟು ಬಾಧಿಸುವುದಿಲ್ಲ. ಬ್ಯಾಂಕಿನ ಖಾತೆಗಳನ್ನು ನೂರಾರು ಜನ ಒಮ್ಮೆಗೇ ತೆರೆಯುವಂಥ ಕೆಲಸಕ್ಕೆ ಇದು ಒಪ್ಪುತ್ತದೆ. ಆದರೆ ಹವಾಮಾನದ ಲೆಕ್ಕದಂತೆ ಬೃಹತ್ ಕೋಷ್ಟಕಗಳನ್ನು ಉದ್ದಕ್ಕೂ ಓದುತ್ತ ಹೋಗುವ ಗಣನೆಗೆ ಟಾಕಿ ಬೇಗ ಬರಿದಾಗುತ್ತದೆ.

ಮೂರು ಪಟ್ಟು ಎಂಬುದಕ್ಕೆ ಮತ್ತೊಂದು ಅಡ್ಡಿಯನ್ನು 1967ರಲ್ಲಿಯೇ ಜೀನ್ ಆಮ್ಡಾಲ್ ತೋರಿಸಿದ್ದರು. (ಗಣಕ ವಿನ್ಯಾಸಕ್ಕೆ ಹೆಸರಾದ ಇವರ ಡಾಕ್ಟರೇಟ್ ಸೈದ್ಧಾಂತಿಕ ಭೌತವಿಜ್ಞಾನದಲ್ಲಿ ಎಂಬುದು ನಮ್ಮಂಥವರಿಗೆ ಸಂತೋಷದ ಸಂಗತಿ.) ಪ್ರೋಗ್ರಾಮಿನ ಐದನೆಯ ಒಂದು ಭಾಗವನ್ನು ಕೋರ್‌ಗಳ ನಡುವೆ ಹಂಚಲು ಬಾರದೆಂದುಕೊಳ್ಳಿ. ಆಗ ಎರಡು ಕೋರ್ ಕೆಲಸವನ್ನು 1.67 ಪಟ್ಟು, ಆರು ಕೋರ್ 3 ಪಟ್ಟು ಮಾತ್ರ ಬೇಗ ಮುಗಿಸುತ್ತವೆ. ಎಂದರೆ ಸರ್ವರಿಗೆ ಉಳಿಯುವ ಮೇಲುಗೈ 1.8 ಪಟ್ಟು. ಸಂಶೋಧನಾ ವಿದ್ಯಾರ್ಥಿ ಒಬ್ಬನೇ ಕುಳಿತು ಒಂದೇ ಪ್ರೋಗ್ರಾಮು ಓಡಿಸುವುದಾದರೆ ಸರ್ವರಿಗೆ ಹಣ ಸುರಿಯುವ ಮೊದಲು ವಿಭಾಗದವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು.

ಹಾಗೆಂದು ಸರ್ವರ್ ಸಂಸ್ಕಾರಕದ ಬೆಲೆ ವ್ಯರ್ಥವಲ್ಲ. ಇಂಥ ನಾಲ್ಕನ್ನು ಒಂದೇ ಯಂತ್ರದಲ್ಲಿ ಕೂಡಿಸಿ 24 ಕೋರ್ ಪಡೆಯಬಹುದಿತ್ತು. ವಿಶ್ವಕಿರಣದ ಹೊಡೆತಕ್ಕೆ ಮೆಮೊರಿಯಲ್ಲಿ ಒಂದು ಬಿಟ್ ಮಗುಚಿದರೆ ತಾನೇ ಗುರುತಿಸಿ ತಿದ್ದುವ ಏರ್ಪಾಡಿತ್ತು. ಲ್ಯಾಪ್‌ಟಾಪಿನಲ್ಲಿ ಅದು ಇರಲಿಲ್ಲ.

ಒಂದೇ ದಾರಿಯ ಇಕ್ಕಟ್ಟು ಹೆಚ್ಚು ಕಾಲ ಉಳಿಯಲಿಲ್ಲ. ವೈಟ್‌ಫೀಲ್ಡಿನಲ್ಲಿ ಅಳವಡಿಸಬೇಕೆಂದಿದ್ದ ಹೊಸ ಸಂಪರ್ಕ ವ್ಯವಸ್ಥೆ ‘ಕ್ವಿಕ್‌ಪಾತ್’ ಎಂಬ ಹೆಸರು ಪಡೆದು 2008ರ ನವೆಂಬರಿನಲ್ಲಿ ಹೊರಬಂತು, ಅದೂ ಮೇಜಿನ ಗಣಕದ ಕೋರ್ ಐ7 ಸಂಸ್ಕಾರಕದಲ್ಲಿ. ಅದರೊಂದಿಗೆ ಮೆಮೊರಿಯ ನಿಯಂತ್ರಕವೂ ಚಿಪ್ಪಿನೊಳಕ್ಕೆ ಬಂದು ಮೆಮೊರಿಗೆ ಮೂರು ದಾರಿಗಳಾದವು. 2010ರ ಮಾರ್ಚಿನಲ್ಲಿ ಅದೇ ವಿನ್ಯಾಸದ ಎಂಟು ಕೋರ್ ಜಿಯಾನ್ 7500, ಬೆಂಗಳೂರಿನ ಚಿಪ್ಪಿನ ಜಾಗವನ್ನು ತುಂಬಿತು.