ಶಸ್ತ್ರಚಿಕಿತ್ಸೆಯ ಅವಧಿಯಲ್ಲಿ ರಕ್ತಪರಿಚಲನೆಯ ನಿರ್ವಹಣೆ

ಶಸ್ತ್ರಚಿಕಿತ್ಸೆಯ ಅವಧಿಯಲ್ಲಿ ರಕ್ತಪರಿಚಲನೆಯ ನಿರ್ವಹಣೆ ಎಂದರೆ ಶಸ್ತ್ರಚಿಕಿತ್ಸೆಗೆ ಮುನ್ನ, ಅದು ನಡೆಯುವಾಗ ಹಾಗೂ ಅನಂತರದ ದಿನಗಳಲ್ಲಿ ರೋಗಿಯ ಅಂಗಾಂಗಗಳಿಗೆ ಸಾಕಷ್ಟು ರಕ್ತ ಮತ್ತು ಆಮ್ಲಜನಕ ತಲುಪುವಂತೆ ನೋಡಿಕೊಳ್ಳುವ ವೈದ್ಯಕೀಯ ಕ್ರಮಗಳ ಸಮೂಹ. ರಕ್ತದೊತ್ತಡದ ಮಾಪನ, ದ್ರವ ಮತ್ತು ರಕ್ತದ ಪೂರೈಕೆ, ಔಷಧಗಳ ಬಳಕೆ ಇದರ ಮುಖ್ಯ ಭಾಗಗಳು. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಈ ಹೊಣೆಯನ್ನು ಅರಿವಳಿಕೆ ತಜ್ಞರು ವಹಿಸುತ್ತಾರೆ. ಪ್ರಜ್ಞೆಯಿಲ್ಲದ ರೋಗಿಯು ತಲೆಸುತ್ತು, ಬಾಯಾರಿಕೆ ಅಥವಾ ಎದೆನೋವನ್ನು ಹೇಳಿಕೊಳ್ಳಲಾರನಾದ್ದರಿಂದ ಮಾಪನಗಳೇ ಅವನ ಪರವಾಗಿ ಎಚ್ಚರಿಕೆ ನೀಡಬೇಕಾಗುತ್ತದೆ.

ಒತ್ತಡ ಮತ್ತು ಹರಿವು

ವಿಶ್ರಾಂತ ಸ್ಥಿತಿಯಲ್ಲಿ ವಯಸ್ಕರ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಈ ಪ್ರಮಾಣವು ಹೃದಯ ಬಡಿತದ ಸಂಖ್ಯೆ ಹಾಗೂ ಪ್ರತಿ ಬಡಿತದಲ್ಲಿ ಹೊರಬೀಳುವ ರಕ್ತದ ಗುಣಲಬ್ಧವಾಗಿರುತ್ತದೆ. ರಕ್ತದೊತ್ತಡವು ಈ ಹರಿವನ್ನು ಮಾತ್ರವಲ್ಲದೆ ರಕ್ತನಾಳಗಳು ಒಡ್ಡುವ ಪ್ರತಿರೋಧವನ್ನೂ ಅವಲಂಬಿಸಿದೆ. ಆದ್ದರಿಂದ ಒತ್ತಡ ಸಹಜವಾಗಿದೆ ಎಂದ ಮಾತ್ರಕ್ಕೆ ಹರಿವೂ ಸಹಜವಾಗಿದೆ ಎನ್ನಲಾಗದು. ರಕ್ತಸ್ರಾವವಾದಾಗ ಆರೋಗ್ಯವಂತ ಯುವಕರ ರಕ್ತನಾಳಗಳು ಸಂಕುಚಿಸಿ, ಗಣನೀಯ ಪ್ರಮಾಣದ ರಕ್ತ ನಷ್ಟವಾಗುವವರೆಗೂ ಒತ್ತಡವನ್ನು ಕಾಯ್ದುಕೊಳ್ಳಬಲ್ಲವು.

ಸಂಕೋಚನ ಮತ್ತು ವ್ಯಾಕೋಚನ ಒತ್ತಡಗಳ ಅಂತರದ ಮೂರನೆಯ ಒಂದು ಭಾಗವನ್ನು ವ್ಯಾಕೋಚನ ಒತ್ತಡಕ್ಕೆ ಕೂಡಿಸಿದರೆ ಸರಾಸರಿ ಒತ್ತಡವು ಸ್ಥೂಲವಾಗಿ ದೊರೆಯುತ್ತದೆ. 120/80 ಇರುವವರಲ್ಲಿ ಇದು ಸುಮಾರು 93 ಮಿ.ಮೀ. ಪಾದರಸ. ಶಸ್ತ್ರಚಿಕಿತ್ಸೆಯ ವೇಳೆ ಇದು 60–65ಕ್ಕಿಂತ ಕೆಳಗೆ ಹೆಚ್ಚು ಹೊತ್ತು ಉಳಿದರೆ ಮೂತ್ರಪಿಂಡ ಮತ್ತು ಹೃದಯದ ಹಾನಿಯ ಸಂಭವ ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ದೀರ್ಘಕಾಲದಿಂದ ಅಧಿಕ ರಕ್ತದೊತ್ತಡ ಇರುವವರಿಗೆ ಇದಕ್ಕಿಂತ ಹೆಚ್ಚಿನ ಗುರಿ ಬೇಕಾಗಬಹುದು.

ಇತಿಹಾಸ

1896ರಲ್ಲಿ ಇಟಲಿಯ ಸಿಪಿಯೋನೆ ರಿವಾ-ರೊಚ್ಚಿ ತೋಳಪಟ್ಟಿಯುಳ್ಳ ಪಾದರಸದ ರಕ್ತದೊತ್ತಡ ಮಾಪಕವನ್ನು ಪ್ರಕಟಿಸಿದರು. 1901ರಲ್ಲಿ ಪಾವಿಯಾದಲ್ಲಿ ಅದನ್ನು ಕಂಡ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್, ಶಸ್ತ್ರಚಿಕಿತ್ಸೆಯ ವೇಳೆ ಒತ್ತಡವನ್ನು ದಾಖಲಿಸುವ ಪದ್ಧತಿಯನ್ನು ತಮ್ಮ ದೇಶದಲ್ಲಿ ಪ್ರಚುರಪಡಿಸಿದರು. 1905ರಲ್ಲಿ ರಷ್ಯಾದ ನಿಕೊಲಾಯ್ ಕೊರೊಟ್ಕಾಫ್ ಸ್ಟೆತಸ್ಕೋಪಿನಿಂದ ಒತ್ತಡ ಅಳೆಯುವ ವಿಧಾನವನ್ನು ವಿವರಿಸಿದರು. 1970ರಲ್ಲಿ ಜೆರೆಮಿ ಸ್ವಾನ್ ಮತ್ತು ವಿಲಿಯಂ ಗಾಂಜ್ ಶ್ವಾಸಕೋಶದ ಅಪಧಮನಿಗೆ ಸಾಗಿಸಬಲ್ಲ ಬಲೂನು ತುದಿಯ ಕ್ಯಾತಿಟರನ್ನು ಪರಿಚಯಿಸಿದರು. ಅಪಾಯ ಹೆಚ್ಚಿದ್ದ 1,994 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದರಿಂದ ಸಾವಿನ ಪ್ರಮಾಣ ಇಳಿಯಲಿಲ್ಲ. ವಾಡಿಕೆಯಾಗಿ ಅದನ್ನು ಬಳಸುವುದು ಕ್ರಮೇಣ ಕಡಿಮೆಯಾಯಿತು.

ಶಸ್ತ್ರಚಿಕಿತ್ಸೆಗೆ ಮುನ್ನ

ರಕ್ತಹೀನತೆ, ಹೃದಯದ ಕಾಯಿಲೆ ಮತ್ತು ಸೇವಿಸುತ್ತಿರುವ ಔಷಧಗಳನ್ನು ಪರಿಶೀಲಿಸಲಾಗುತ್ತದೆ. ಹೊಟ್ಟೆ ಖಾಲಿಯಾಗುವುದು ನಿಧಾನವಾಗಿಲ್ಲದ ರೋಗಿಗಳಿಗೆ ಅರಿವಳಿಕೆಗೆ 2 ಗಂಟೆ ಮುಂಚಿನವರೆಗೂ ನೀರಿನಂತಹ ತಿಳಿ ದ್ರವಗಳನ್ನು ಕುಡಿಯಲು ಅವಕಾಶವಿದ್ದು, ಇದರಿಂದ ನಿರ್ಜಲೀಕರಣ ತಪ್ಪುತ್ತದೆ. ಮೊದಲಿನಿಂದಲೂ ಸೇವಿಸುತ್ತಿರುವ ಬೀಟಾ ತಡೆ ಔಷಧಗಳನ್ನು ಸಾಮಾನ್ಯವಾಗಿ ಮುಂದುವರಿಸಲಾಗುತ್ತದೆ. ಆದರೆ ಅವನ್ನು ಶಸ್ತ್ರಚಿಕಿತ್ಸೆಯ ದಿನವೇ ಹೊಸದಾಗಿ ಆರಂಭಿಸುವುದಿಲ್ಲ. 2008ರ ಪಾಯ್ಸ್ ಪ್ರಯೋಗದಲ್ಲಿ ಹೀಗೆ ನೀಡಿದ ಮೆಟೊಪ್ರೊಲಾಲ್ ಹೃದಯಾಘಾತಗಳನ್ನು ತಗ್ಗಿಸಿದರೂ ಪಾರ್ಶ್ವವಾಯು ಮತ್ತು ಸಾವುಗಳನ್ನು ಹೆಚ್ಚಿಸಿತು.

ಶಸ್ತ್ರಚಿಕಿತ್ಸೆಯ ವೇಳೆ

ಅರಿವಳಿಕೆಯ ಔಷಧಗಳು ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಆರಂಭದ ನಿಮಿಷಗಳಲ್ಲಿಯೇ ಒತ್ತಡ ಕುಸಿಯಬಹುದು. ತೋಳಪಟ್ಟಿಯಿಂದ ಕನಿಷ್ಠ 5 ನಿಮಿಷಕ್ಕೊಮ್ಮೆ ಅದನ್ನು ಅಳೆಯಲಾಗುತ್ತದೆ. ಹೆಚ್ಚಿನ ಅಪಾಯವಿದ್ದಾಗ ಮಣಿಕಟ್ಟಿನ ಅಪಧಮನಿಯಲ್ಲಿ ಕೊಳವೆ ಇರಿಸಿ ಪ್ರತಿ ಬಡಿತದ ಒತ್ತಡವನ್ನು ಗಮನಿಸಲಾಗುತ್ತದೆ.

ಚಿಕಿತ್ಸೆಯು ಕುಸಿತದ ಕಾರಣವನ್ನು ಅನುಸರಿಸುತ್ತದೆ. ರಕ್ತನಾಳಗಳು ಹಿಗ್ಗಿದ್ದರೆ ಫಿನೈಲೆಫ್ರಿನ್ ಅಥವಾ ನಾರ್‌ಅಡ್ರಿನಲಿನ್, ದ್ರವದ ಕೊರತೆಯಿದ್ದರೆ ಲವಣದ್ರಾವಣ, ರಕ್ತಸ್ರಾವವಿದ್ದರೆ ಅದರ ತಡೆ ಮತ್ತು ರಕ್ತ ಮರುಪೂರಣ, ಹೃದಯ ದುರ್ಬಲವಾಗಿದ್ದರೆ ಡೊಬ್ಯುಟಮಿನ್‌ನಂತಹ ಔಷಧಗಳು ಬೇಕಾಗುತ್ತವೆ. ಕಾರಣ ತಿಳಿಯದೆ ನಾಳಗಳನ್ನು ಸಂಕುಚಿಸಿದರೆ ಮಾಪಕದ ಅಂಕಿ ಏರಿದರೂ ಅಂಗಾಂಗಗಳ ಹರಿವು ಕುಗ್ಗಬಹುದು. ಸಿಸೇರಿಯನ್ ಹೆರಿಗೆಯಲ್ಲಿ ಗರ್ಭಕೋಶವು ಕೆಳ ಮಹಾಭಿಧಮನಿಯನ್ನು ಒತ್ತುವುದನ್ನು ತಪ್ಪಿಸಲು ತಾಯಿಯನ್ನು ಎಡಕ್ಕೆ ವಾಲಿಸಲಾಗುತ್ತದೆ.

ದ್ರವದ ಪ್ರಮಾಣ

ದ್ರವ ಕಡಿಮೆಯಾದರೆ ಮೂತ್ರಪಿಂಡಗಳಿಗೂ, ಹೆಚ್ಚಾದರೆ ಶ್ವಾಸಕೋಶ ಮತ್ತು ಕರುಳಿನ ಹೊಲಿಗೆಗಳಿಗೂ ತೊಂದರೆಯಾಗುತ್ತದೆ. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 3,000 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ರಿಲೀಫ್ ಪ್ರಯೋಗದಲ್ಲಿ ಮಿತವಾಗಿ ದ್ರವ ಪಡೆದವರ ಪೈಕಿ 8.6% ಜನರಿಗೂ, ಧಾರಾಳವಾಗಿ ಪಡೆದವರ ಪೈಕಿ 5.0% ಜನರಿಗೂ ಮೂತ್ರಪಿಂಡದ ತೀವ್ರ ಹಾನಿಯಾಯಿತು. ಒಂದು ವರ್ಷದವರೆಗೆ ಅಂಗವೈಕಲ್ಯವಿಲ್ಲದೆ ಬದುಕುಳಿದವರ ಪ್ರಮಾಣದಲ್ಲಿ ಮಹತ್ವದ ವ್ಯತ್ಯಾಸ ಕಾಣಲಿಲ್ಲ.

ಶಸ್ತ್ರಚಿಕಿತ್ಸೆಯ ನಂತರ

ವಾರ್ಡಿನಲ್ಲಿ ಒತ್ತಡವನ್ನು ಹಲವು ಗಂಟೆಗಳಿಗೊಮ್ಮೆ ಮಾತ್ರ ಅಳೆಯುವುದುಂಟು. ನಡುವಿನ ಕುಸಿತಗಳು ಆಗ ಗಮನಕ್ಕೆ ಬಾರದೆ ಹೋಗಬಹುದು. ನೋವುನಿವಾರಕಗಳ ಪ್ರಭಾವದಲ್ಲಿರುವ ಅನೇಕರಿಗೆ ಹೃದಯಕ್ಕೆ ಹಾನಿಯಾದರೂ ಎದೆನೋವು ತಿಳಿಯುವುದಿಲ್ಲ. ಆದ್ದರಿಂದ ಅಪಾಯ ಹೆಚ್ಚಿರುವವರಲ್ಲಿ ಟ್ರೊಪೊನಿನ್ ಪರೀಕ್ಷೆ ಮಾಡಲಾಗುತ್ತದೆ. ನಾಡಿಬಡಿತದ ಏರಿಕೆ, ತಣ್ಣಗಾದ ಕೈಕಾಲು, ಮೂತ್ರದ ಇಳಿಕೆ, ಗೊಂದಲ ಹಾಗೂ ರಕ್ತದಲ್ಲಿ ಲ್ಯಾಕ್ಟೇಟ್ ಹೆಚ್ಚಳ ಇವು ಒತ್ತಡ ಸಹಜವಾಗಿ ಕಂಡಾಗಲೂ ಹರಿವಿನ ಕೊರತೆಯನ್ನು ಸೂಚಿಸಬಲ್ಲ ಲಕ್ಷಣಗಳು.